ಆಸ್ಟ್ರೇಲಿಯಾದ ಕಲ್ಲಿನಲ್ಲಿ ಸಿಕ್ಕ ನುಸಿ: ನೊಣಗಳ ವಂಶವೃಕ್ಷದಲ್ಲಿ ಬದಲಾಗಿದ್ದೇನು?

ಆಸ್ಟ್ರೇಲಿಯಾದಲ್ಲಿ 15.1 ಕೋಟಿ ವರ್ಷ ಹಳೆಯ ನೊಣದ ಪಳೆಯುಳಿಕೆ ಸಿಕ್ಕಿದೆ, ಅದಕ್ಕೆ ಹೊಸ ಹೆಸರಿಟ್ಟಿದ್ದಾರೆ, ಅದರಿಂದ ಕೀಟಗಳ ವಿಕಾಸದ ಬಗ್ಗೆ ತಿಳಿದಿದ್ದು ಬದಲಾಗುತ್ತದೆ. 2025ರಲ್ಲಿ ಬಂದ ಸುದ್ದಿಯ ತಿರುಳು ಇಷ್ಟೇ. ಆದರೆ ಓದಿದವರಿಗೆ ಪ್ರಶ್ನೆಗಳು ಜಾಸ್ತಿ ಉಳಿದವು. ಇದು ನೊಣವಾ, ಸೊಳ್ಳೆಯಾ? ಜಗತ್ತಿನ ಅತಿ ಹಳೆಯ ನೊಣ ಇದೇನಾ? ಕಲ್ಲಿಗೆ ಅಂಟಿದ ಒಂದು ಸಣ್ಣ ಹುಳದಿಂದ ಯಾವ ಕೀಟಕ್ಕೆ ಯಾವ ಕೀಟ ನೆಂಟ ಅಂತ ಹೇಳೋದು ಹೇಗೆ? ಅದರಲ್ಲೂ ಯಾವ ಖಂಡದಲ್ಲಿ ಹುಟ್ಟಿತು ಅನ್ನುವಷ್ಟು ದೂರ ಹೋಗಲು ಸಾಧ್ಯವಾ?

ಒಂದೊಂದಾಗಿ ನೋಡೋಣ. ಈ ನುಸಿಯ ಹಿಂದೆ ನೂರು ವರ್ಷದ ಒಂದು ಜಗಳ ಇದೆ. ಅದು ಗೊತ್ತಿಲ್ಲದಿದ್ದರೆ ಈ ಸುದ್ದಿಯ ತೂಕ ತಿಳಿಯುವುದಿಲ್ಲ.

ಸಿಕ್ಕಿದ್ದೇನು, ಎಲ್ಲಿ

ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಗುಲ್ಗಾಂಗ್ ಅನ್ನುವ ಊರಿದೆ. ಅದರ ಹತ್ತಿರ ಟಾಲ್ಬ್ರಗಾರ್ ಮೀನಿನ ಪದರ ಅಂತಲೇ ಕರೆಯುವ ಕಲ್ಲಿನ ಜಾಗ ಒಂದಿದೆ. ಕಂದು ಹಳದಿ ಬಣ್ಣದ, ಕಬ್ಬಿಣದ ಅಂಶ ಇರುವ ಕಲ್ಲು. ಅದನ್ನು ಪದರ ಪದರವಾಗಿ ಬಿಡಿಸಿದರೆ ಒಳಗೆ ಮೀನು, ಎಲೆ, ಕೀಟಗಳ ಅಚ್ಚು ಕಾಣುತ್ತವೆ. ಜುರಾಸಿಕ್ ಕಾಲದ ಕೊನೆಯಲ್ಲಿ ಇಲ್ಲೊಂದು ಸಿಹಿನೀರಿನ ಸರೋವರ ಇತ್ತು. ದಡದಲ್ಲಿ ಇಂದಿನ ಕೌರಿ ಮರಗಳ ಬಂಧುಗಳಾದ ದೊಡ್ಡ ಮರಗಳಿದ್ದವು.

ಆ ಸರೋವರದಲ್ಲಿ ಬೆಳೆದ ನುಸಿಯೇ ಟೆಲ್ಮಾಟೋಮೈಯಾ ಟಾಲ್ಬ್ರಗಾರಿಕಾ. ಹೆಸರಿನ ಮೊದಲ ಭಾಗಕ್ಕೆ ನಿಂತ ನೀರಿನ ನೊಣ ಅಂತ ಅರ್ಥ, ಎರಡನೆಯದು ಜಾಗದ ಗುರುತು. ಸ್ಪೇನಿನ ಡೊನ್ಯಾನಾ ಜೀವವಿಜ್ಞಾನ ಕೇಂದ್ರದ ವಿಕ್ಟರ್ ಬರಾನೋವ್, ಆಸ್ಟ್ರೇಲಿಯನ್ ಮ್ಯೂಸಿಯಂನ ಮ್ಯಾಥ್ಯೂ ಮೆಕ್‌ಕರಿ ಮತ್ತು ಜೊತೆಗಾರರು ಇದನ್ನು ವಿವರಿಸಿ ಗೊಂಡ್ವಾನಾ ರಿಸರ್ಚ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೈಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಮಾದರಿಗಳು ಮಾತ್ರ. ಆದರೆ ಅವುಗಳಲ್ಲಿ ಪ್ಯೂಪಾಗಳಿವೆ (ಮರಿಹುಳ ರೆಕ್ಕೆಯ ಹುಳವಾಗುವ ನಡುವಿನ ಹಂತ), ಪ್ಯೂಪಾದ ಸಿಪ್ಪೆ ಬಿಚ್ಚಿಕೊಂಡು ಹೊರಗೆ ಬರುತ್ತಿದ್ದ ಹುಳಗಳೂ ಇವೆ. ಅಂದರೆ ಆ ಹುಳ ರೆಕ್ಕೆ ಬಿಚ್ಚುವ ಗಳಿಗೆಯಲ್ಲೇ ಕೆಸರಿಗೆ ಸಿಕ್ಕಿಬಿದ್ದಿದೆ. ಇದು ಯಾಕೆ ಮುಖ್ಯ ಅನ್ನುವುದು ಮುಂದೆ ಬರುತ್ತದೆ.

ಈಗ ಮೊದಲ ಪ್ರಶ್ನೆ. ಎರಡೇ ರೆಕ್ಕೆ ಇರುವ ಕೀಟಗಳ ದೊಡ್ಡ ಗುಂಪಿಗೆ ವಿಜ್ಞಾನದಲ್ಲಿ ಡಿಪ್ಟೆರಾ ಅಂತ ಹೆಸರು. ಮನೆ ನೊಣ, ಹಣ್ಣಿನ ನೊಣ, ಸೊಳ್ಳೆ, ನುಸಿ ಎಲ್ಲವೂ ಇದರೊಳಗೇ ಬರುತ್ತವೆ. ಹಾಗಾಗಿ ಸುದ್ದಿಯಲ್ಲಿ ನೊಣ ಅಂತ ಬರೆದಿದ್ದು ತಪ್ಪಲ್ಲ. ಆದರೆ ಟಾಲ್ಬ್ರಗಾರ್‌ನ ಹುಳ ಕೈರೊನೊಮಿಡೇ ಎಂಬ ಕುಟುಂಬದ್ದು, ಅಂದರೆ ಕಚ್ಚದ ನುಸಿ. ಸಂಜೆ ಹೊತ್ತು ಕೆರೆ ಏರಿಯ ಮೇಲೆ, ಲೈಟ್ ಕಂಬದ ಸುತ್ತ ಗುಂಪಾಗಿ ಕುಣಿಯುವ, ಸೊಳ್ಳೆಯಂತೆ ಕಂಡರೂ ರಕ್ತ ಕುಡಿಯದ ಗುಂಗುರು ನೋಡಿರುತ್ತೀರಿ ಅಲ್ವಾ? ಅವುಗಳಲ್ಲಿ ಬಹಳಷ್ಟು ಈ ಕುಟುಂಬದವೇ. ನೀರಿನ ತೊಟ್ಟಿ ತೊಳೆಯುವಾಗ ತಳದ ಕೆಸರಿನಲ್ಲಿ ದಾರದಂತೆ ಹೊರಳಾಡುವ ಕೆಂಪು ಹುಳ ಇದರ ಮರಿ. ಅಕ್ವೇರಿಯಂ ಅಂಗಡಿಯಲ್ಲಿ ಮೀನಿಗೆ ಹಾಕಲು ಬ್ಲಡ್ ವರ್ಮ್ ಅಂತ ಮಾರುವುದೂ ಅದನ್ನೇ. ಆ ಕೆಂಪು ಬಣ್ಣ ಹಿಮೋಗ್ಲೋಬಿನ್‌ನಿಂದ ಬಂದದ್ದು. ಗಾಳಿ ಕಮ್ಮಿ ಇರುವ ಕೆಸರಿನಲ್ಲಿ ಉಸಿರು ಹಿಡಿದು ಬದುಕಲು ಅದೇ ಆಸರೆ. ಈ ಕುಟುಂಬದಲ್ಲಿ ಹೆಸರಿಟ್ಟ ಪ್ರಭೇದಗಳೇ 7 ಸಾವಿರಕ್ಕೂ ಹೆಚ್ಚು.

ಅತಿ ಹಳೆಯದು ಅಂದರೆ ಯಾವುದರಲ್ಲಿ?

ಇದು ಜಗತ್ತಿನ ಅತಿ ಹಳೆಯ ನೊಣ ಖಂಡಿತ ಅಲ್ಲ. ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಸುಮಾರು 24.7 ಕೋಟಿ ವರ್ಷ ಹಳೆಯ, ಟ್ರಯಾಸಿಕ್ ಕಾಲದ ನೊಣದ ಲಾರ್ವಾ, ಅಂದರೆ ಮರಿಹುಳ, ಸಿಕ್ಕಿದೆ. ಕಚ್ಚದ ನುಸಿಗಳಲ್ಲೂ ಇದೇ ಮೊದಲಿನದಲ್ಲ. ಇಂಗ್ಲೆಂಡಿನಲ್ಲಿ ಟ್ರಯಾಸಿಕ್ ಕೊನೆಯ, ಅಂದರೆ 20 ಕೋಟಿ ವರ್ಷಕ್ಕೂ ಹಳೆಯ ಮಾದರಿ ಇದೆ.

ಟಾಲ್ಬ್ರಗಾರ್ ನುಸಿಯ ದಾಖಲೆ ಬೇರೆ. ಭೂಮಿಯ ದಕ್ಷಿಣಾರ್ಧದಲ್ಲಿ ಸಿಕ್ಕ ಕೈರೊನೊಮಿಡೇ ಪಳೆಯುಳಿಕೆಗಳಲ್ಲಿ ಇದು ಅತಿ ಹಳೆಯದು. ಇದು ಸೇರುವ ಉಪಕುಟುಂಬ ಪೊಡೊನೊಮಿನೇ, ತಂಪು ನೀರನ್ನು ಇಷ್ಟಪಡುವ ನುಸಿಗಳದ್ದು. ಇವತ್ತು ಆ ಗುಂಪಿನ ಹೆಚ್ಚಿನ ಪ್ರಭೇದಗಳು ದಕ್ಷಿಣ ಅಮೆರಿಕ, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲೇ ಇವೆ. ಆದರೆ ಹಳೆಯ ಪಳೆಯುಳಿಕೆಗಳು ಸಿಕ್ಕಿದ್ದು ಸೈಬೀರಿಯಾ, ಚೀನಾ ಕಡೆ. ಮೊಮ್ಮಕ್ಕಳೆಲ್ಲ ದಕ್ಷಿಣದಲ್ಲಿ, ಅಜ್ಜಂದಿರ ಸಮಾಧಿ ಮಾತ್ರ ಉತ್ತರದಲ್ಲಿ. ಇದೇ ಒಗಟು.

ನೆಂಟಸ್ತಿಕೆ ಗುರುತಿಸುವುದು ಹೇಗೆ

ಇಲ್ಲಿ ಒಂದು ವಿಷಯ ನಿಧಾನಕ್ಕೆ ಹೇಳಬೇಕು. ಯಾಕೆಂದರೆ ಗೊಂದಲ ಹುಟ್ಟುವುದೇ ಇಲ್ಲಿ.

ಇಬ್ಬರಿಗೂ ಎರಡು ಕಿವಿ ಇವೆ ಅಂತ ಅವರನ್ನು ದಾಯಾದಿಗಳು ಅನ್ನಲು ಆಗುವುದಿಲ್ಲ. ಕಿವಿ ಎಲ್ಲರಿಗೂ ಇದೆ. ಆದರೆ ಇಬ್ಬರಿಗೂ ಎಡಗೈಯಲ್ಲಿ ಆರನೇ ಬೆರಳಿದ್ದು, ಅವರ ಅಪ್ಪಂದಿರಿಗೂ ಅದೇ ಇದ್ದರೆ, ಒಂದೇ ಮನೆತನದವರಿರಬಹುದು ಅನ್ನುವ ಅನುಮಾನಕ್ಕೆ ಬಲ ಬರುತ್ತದೆ. ಕೀಟಗಳಲ್ಲೂ ಅಷ್ಟೇ. ಎರಡು ರೆಕ್ಕೆ ಇದೆ ಅನ್ನುವುದರಿಂದ ನೊಣಗಳ ಒಳಗಿನ ನೆಂಟಸ್ತಿಕೆ ಏನೂ ತಿಳಿಯುವುದಿಲ್ಲ, ಅದು ಎಲ್ಲ ನೊಣಗಳಿಗೂ ಪೂರ್ವಜನಿಂದಲೇ ಬಂದದ್ದು. ಮಧ್ಯದಲ್ಲಿ ಯಾವುದೋ ಒಂದು ಕವಲಿನಲ್ಲಿ ಹೊಸದಾಗಿ ಹುಟ್ಟಿಕೊಂಡ ಗುರುತು, ಆ ಕವಲಿನಿಂದ ಮುಂದೆ ಬಂದವರಲ್ಲಿ ಮಾತ್ರ ಕಾಣುವ ಗುರುತು ಬೇಕು.

ಈ ನಿಯಮವನ್ನು ಗಟ್ಟಿಯಾಗಿ ರೂಪಿಸಿದವರು ವಿಲ್ಲಿ ಹೆನ್ನಿಗ್ ಎಂಬ ಜರ್ಮನ್ ವಿಜ್ಞಾನಿ. ಅವರು ನೊಣಗಳ ತಜ್ಞರು ಅನ್ನುವುದು ಇಲ್ಲಿ ಹೇಳಲೇಬೇಕಾದ ಮಾತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ, 1945ರಲ್ಲಿ, ಇಟಲಿಯಲ್ಲಿ ಬ್ರಿಟಿಷರ ಕೈಯಲ್ಲಿ ಸೆರೆಯಾಳಾಗಿದ್ದಾಗ ಅವರು ಇದರ ಕರಡನ್ನು ಬರೆದರು. 1950ರಲ್ಲಿ ಅದು ಜರ್ಮನ್ ಭಾಷೆಯಲ್ಲಿ ಪುಸ್ತಕವಾಗಿ ಬಂತು. ಇವತ್ತು ವೈರಸ್‌ನ ತಳಿಗಳಿಂದ ಹಿಡಿದು ಡೈನೋಸಾರ್‌ವರೆಗೆ ಯಾರ ವಂಶವೃಕ್ಷ ಬರೆದರೂ ಅದರ ಬುಡದಲ್ಲಿ ಹೆನ್ನಿಗ್ ಅವರ ಯೋಚನೆ ಇದೆ. ನೊಣ, ನುಸಿ ನೋಡುತ್ತಾ ಕುಳಿತವರಿಂದ ಇಡೀ ಜೀವವಿಜ್ಞಾನಕ್ಕೆ ಸಿಕ್ಕ ಸಾಧನ ಇದು.

ಪ್ಯೂಪಾ ಸಿಕ್ಕಿದ್ದು ಯಾಕೆ ದೊಡ್ಡದು ಅಂದರೆ, ಈ ಕುಟುಂಬದಲ್ಲಿ ರೆಕ್ಕೆ ಬಂದ ಹುಳಗಳು ನೋಡಲು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ನೆಂಟಸ್ತಿಕೆ ಹೇಳುವ ಗುರುತುಗಳು ಪ್ಯೂಪಾದ ಮೈಮೇಲೆ ಜಾಸ್ತಿ. ಉಸಿರಾಟಕ್ಕೆಂದು ಎದೆಯ ಮೇಲೆ ಎದ್ದಿರುವ ಎರಡು ಪುಟ್ಟ ಕೊಂಬು, ಹೊಟ್ಟೆಯ ಪಟ್ಟಿಗಳ ಮೇಲಿನ ಮುಳ್ಳು, ರೋಮ, ಹಿಂಭಾಗದ ತುದಿಯ ಆಕಾರ, ಇವೆಲ್ಲ. ಇವತ್ತಿಗೂ ತಜ್ಞರು ಹೊಳೆಯ ಅಂಚಿನಲ್ಲಿ ನೊರೆ ಕಟ್ಟಿ ನಿಂತ ಕಡೆ ಸಣ್ಣ ಬಲೆ ಹಿಡಿದು, ನುಸಿ ಹಾರಿಹೋದ ಮೇಲೆ ತೇಲುತ್ತಿರುವ ಖಾಲಿ ಸಿಪ್ಪೆಗಳನ್ನು ಬಾಚಿಕೊಳ್ಳುತ್ತಾರೆ. ಗಾಜಿನಷ್ಟು ತೆಳುವಾದ ಆ ಸಿಪ್ಪೆ ನೋಡಿಯೇ ಪ್ರಭೇದ ಹೇಳಬಲ್ಲರು. ಟಾಲ್ಬ್ರಗಾರ್‌ನಲ್ಲಿ ಒಂದು ರೆಕ್ಕೆ ಮಾತ್ರ ಸಿಕ್ಕಿದ್ದರೆ ಇಷ್ಟು ಮಾತಾಡಲು ಅವಕಾಶ ಇರುತ್ತಿರಲಿಲ್ಲ.

ಬ್ರುಂಡಿನ್ ಅವರಿಗೆ ಕಂಡ ನಕ್ಷೆ

ಈಗ ಆ ಹಳೆಯ ಜಗಳಕ್ಕೆ ಬರೋಣ.

20ನೇ ಶತಮಾನದ ಮೊದಲಲ್ಲಿ ಬಲವಾಗಿದ್ದ ವಾದ ಹೀಗಿತ್ತು: ಖಂಡಗಳು ಇದ್ದಲ್ಲೇ ಇವೆ, ಹೊಸ ಗುಂಪುಗಳು ಉತ್ತರದ ದೊಡ್ಡ ಭೂಭಾಗದಲ್ಲಿ ಹುಟ್ಟುತ್ತವೆ, ಹಳಬರನ್ನು ದಕ್ಷಿಣದ ಮೂಲೆಗಳಿಗೆ ತಳ್ಳುತ್ತವೆ. ಅಮೆರಿಕದ ವಿಲಿಯಂ ಡಿಲ್ಲರ್ ಮ್ಯಾಥ್ಯೂ 1915ರಲ್ಲಿ ಇದನ್ನು ವಿಸ್ತಾರವಾಗಿ ಬರೆದರು. ಆಮೇಲೆ ಹಾರ್ವರ್ಡ್‌ನ ಫಿಲಿಪ್ ಡಾರ್ಲಿಂಗ್ಟನ್ ಇದೇ ದಾರಿಯಲ್ಲಿ ಯೋಚಿಸಿದರು. ಚಿಲಿಯಲ್ಲೂ ನ್ಯೂಜಿಲೆಂಡ್‌ನಲ್ಲೂ ಒಂದೇ ಥರದ ಕೀಟ ಇದ್ದರೆ ಅದು ಎರಡೂ ಕಡೆ ಉತ್ತರದಿಂದ ಇಳಿದು ಬಂದದ್ದು, ಅಥವಾ ಗಾಳಿಯಲ್ಲಿ ತೇಲಿ ಹೋದದ್ದು ಅನ್ನುವುದು ಅವರ ಲೆಕ್ಕ.

ಸ್ವೀಡನ್ನಿನ ಲಾರ್ಸ್ ಬ್ರುಂಡಿನ್ ಇದನ್ನು ನುಸಿಗಳಿಂದಲೇ ಪರೀಕ್ಷಿಸಲು ಹೊರಟರು. ದಕ್ಷಿಣದ ಖಂಡಗಳ ತಂಪು ಹೊಳೆಗಳಲ್ಲಿ ಕೈರೊನೊಮಿಡೇ ಹುಳಗಳನ್ನು ಸಂಗ್ರಹಿಸಿದರು. ಹೆನ್ನಿಗ್ ಅವರ ನಿಯಮ ಹಿಡಿದು ಒಂದೊಂದು ಗುಂಪಿನ ವಂಶವೃಕ್ಷ ಬರೆದರು. 1966ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಅದರಲ್ಲಿ ಪೊಡೊನೊಮಿನೇಗೇ ದೊಡ್ಡ ಪಾತ್ರ.

ಅವರು ಕಂಡದ್ದು ಹೀಗಿತ್ತು. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಅಕ್ಕಪಕ್ಕದಲ್ಲಿವೆ. ಹಾಗಾಗಿ ಅಲ್ಲಿನ ನುಸಿಗಳು ಒಂದಕ್ಕೊಂದು ಹತ್ತಿರದ ನೆಂಟರು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಮತ್ತೆ ಮತ್ತೆ ಬೇರೆಯೇ ಚಿತ್ರ ಬಂತು. ನ್ಯೂಜಿಲೆಂಡ್‌ನ ನುಸಿಗೆ ಹತ್ತಿರದ ನೆಂಟ ಆಸ್ಟ್ರೇಲಿಯಾದಲ್ಲಿಲ್ಲ. ಎರಡೂ ಕಡೆಯವರ ನೆಂಟರು ಸಮುದ್ರದಾಚೆ, ದಕ್ಷಿಣ ಅಮೆರಿಕದಲ್ಲಿ. ಅದೂ ಪ್ರತ್ಯೇಕ ಪ್ರತ್ಯೇಕವಾಗಿ.

ಗಾಳಿಯಲ್ಲಿ ತೇಲಿ ಬಂದಿದ್ದರೆ ಹೀಗೆ ಆಗಬಾರದು. ಗಾಳಿ ಪಕ್ಕದ ಮನೆಗೆ ಮೊದಲು ಮುಟ್ಟಿಸಬೇಕಿತ್ತು. ಉತ್ತರದಿಂದ ಇಳಿದು ಬಂದಿದ್ದರೂ ಹೀಗೆ ಒಂದೇ ನಮೂನೆ ಹಲವು ಗುಂಪುಗಳಲ್ಲಿ ಕಾಣಬಾರದು. ಆದರೆ ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಒಂದು ಕಾಲಕ್ಕೆ ಗೊಂಡ್ವಾನಾ ಎಂಬ ಒಂದೇ ನೆಲದ ಭಾಗವಾಗಿದ್ದು, ಆಮೇಲೆ ಒಂದೊಂದೇ ಕಳಚಿಕೊಂಡಿದ್ದರೆ ಲೆಕ್ಕ ಸರಿಹೋಗುತ್ತದೆ. ನ್ಯೂಜಿಲೆಂಡ್ ಸುಮಾರು 8 ಕೋಟಿ ವರ್ಷದ ಹಿಂದೆ ಬೇರೆಯಾಯಿತು. ಆಸ್ಟ್ರೇಲಿಯಾ ಮತ್ತು ದಕ್ಷಿಣ ಅಮೆರಿಕ ಅಂಟಾರ್ಕ್ಟಿಕಾದ ಮೂಲಕ ಅದಾದ ಮೇಲೂ ಬಹಳ ಕಾಲ ಸಂಪರ್ಕದಲ್ಲಿದ್ದವು. ನೆಲ ಒಡೆದ ಕ್ರಮದಲ್ಲೇ ನುಸಿಗಳ ವಂಶವೂ ಕವಲೊಡೆದಿದೆ. ಖಂಡಗಳು ಚಲಿಸುತ್ತವೆ ಅನ್ನುವುದನ್ನು ಭೂವಿಜ್ಞಾನಿಗಳು ಆಗಷ್ಟೇ ಒಪ್ಪತೊಡಗಿದ್ದ ಕಾಲ ಅದು. ಅದೇ ಹೊತ್ತಿಗೆ ನುಸಿಗಳೂ ಅದೇ ಮಾತು ಹೇಳಿದವು.

ಡಾರ್ಲಿಂಗ್ಟನ್ ಒಪ್ಪಲಿಲ್ಲ. 1970ರಲ್ಲಿ ಹೆನ್ನಿಗ್ ಮತ್ತು ಬ್ರುಂಡಿನ್ ಇಬ್ಬರ ವಿಧಾನವನ್ನೂ ಟೀಕಿಸಿ ಬರೆದರು. ಆದರೆ ಆ ಹೊತ್ತಿಗೆ ಗಾಳಿ ಬದಲಾಗಿತ್ತು.

ಈ ಗುಂಪಿನ ಒಬ್ಬ ಸದಸ್ಯ ಇವತ್ತಿಗೂ ಆ ಹಳೆಯ ದಾರಿಯ ಮೇಲೇ ಇದ್ದಾನೆ. ಪರೋಕ್ಲಸ್ ಸ್ಟೈನೆನಿ ಎಂಬ ಪೊಡೊನೊಮಿನೇ ನುಸಿ ದಕ್ಷಿಣ ಅಮೆರಿಕದ ತುದಿಯಲ್ಲಿದೆ, ಸೌತ್ ಜಾರ್ಜಿಯಾ ದ್ವೀಪದಲ್ಲಿದೆ, ಅಂಟಾರ್ಕ್ಟಿಕಾದ ಅಂಚಿನ ಸೌತ್ ಶೆಟ್ಲೆಂಡ್ ದ್ವೀಪಗಳ ಕೊಳಗಳಲ್ಲೂ ಇದೆ. ಅಂಟಾರ್ಕ್ಟಿಕಾ ಪ್ರದೇಶದ ಮೂಲನಿವಾಸಿ ಕೀಟಗಳಲ್ಲಿ ರೆಕ್ಕೆ ಇರುವುದು ಇದೊಂದಕ್ಕೇ.

ಹಾಗಾದರೆ ಜಗಳ ಮತ್ತೆ ಎದ್ದಿದ್ದೇಕೆ?

ಪಳೆಯುಳಿಕೆಗಳಿಂದ. ಬ್ರುಂಡಿನ್ ಬರೆದಿದ್ದು ಇವತ್ತು ಬದುಕಿರುವ ನುಸಿಗಳನ್ನು ನೋಡಿ. ಆಮೇಲೆ ಸೈಬೀರಿಯಾ, ಮಂಗೋಲಿಯಾ, ಚೀನಾಗಳ ಜುರಾಸಿಕ್ ಕಲ್ಲುಗಳಲ್ಲಿ ಇದೇ ಉಪಕುಟುಂಬದ ಹುಳಗಳು ಸಿಗತೊಡಗಿದವು. ದಕ್ಷಿಣದಿಂದ ಅಷ್ಟು ಹಳೆಯದು ಒಂದೂ ಬರಲಿಲ್ಲ. ಹಾಗಾಗಿ ಹೊಸ ರೂಪದಲ್ಲಿ ಹಳೆಯ ವಾದ ಬಂತು: ಗುಂಪು ಹುಟ್ಟಿದ್ದು ಉತ್ತರದ ಖಂಡಗಳು ಒಟ್ಟಾಗಿದ್ದ ಲಾರೇಷ್ಯಾದಲ್ಲೇ, ದಕ್ಷಿಣಕ್ಕೆ ಬಂದು ಹರಡಿದ್ದು ಆಮೇಲೆ.

ಕೇಳಲು ಸರಿಯಾಗಿದೆ. ಆದರೆ ಇದರಲ್ಲೊಂದು ಬಿರುಕಿದೆ. ಪಳೆಯುಳಿಕೆ ಸಿಗುವುದು ಹುಡುಕಿದ ಕಡೆ. ಏಷ್ಯಾದ ಆ ಕೀಟಗಳ ಕಲ್ಲುಗಳನ್ನು ದಶಕಗಳ ಕಾಲ ದೊಡ್ಡ ತಂಡಗಳು ಅಗೆದಿವೆ. ದಕ್ಷಿಣದಲ್ಲಿ ಕೀಟಗಳನ್ನು ಹಿಡಿದಿಟ್ಟ ಜುರಾಸಿಕ್ ಸರೋವರದ ಕಲ್ಲುಗಳು ಗೊತ್ತಿರುವುದೇ ಕಮ್ಮಿ, ಅವುಗಳಲ್ಲಿ ಹುಳ ಹುಡುಕುವವರು ಇನ್ನೂ ಕಮ್ಮಿ. ಟಾಲ್ಬ್ರಗಾರ್ ಪದರವೇ ಗೊತ್ತಾಗಿದ್ದು 1889ರಲ್ಲಿ. ಜನ ಅಲ್ಲಿ ಹೋಗುತ್ತಿದ್ದದ್ದು ಮೀನಿಗಾಗಿ. ಮೀನು ಹುಡುಕುವ ಕಣ್ಣಿಗೆ ನುಸಿಯ ಪ್ಯೂಪಾ ಒಂದು ಕಲೆಯ ಹಾಗೆ ಕಾಣುತ್ತದೆ ಅಷ್ಟೇ.

ಈ ಹೊಸ ಪ್ರಭೇದದ ಅತಿ ದೊಡ್ಡ ಕೊಡುಗೆ ಇಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ. ದಕ್ಷಿಣದಲ್ಲಿ ಸಿಕ್ಕಿಲ್ಲ, ಹಾಗಾಗಿ ಇರಲಿಲ್ಲ ಅನ್ನುವ ವಾದದ ಕಾಲನ್ನೇ ಅದು ಮುರಿದಿದೆ.

ಒಂದು ಪಳೆಯುಳಿಕೆ ಹೇಳುವುದೆಷ್ಟು

ಕಲ್ಲಿನ ವಯಸ್ಸು 15.1 ಕೋಟಿ ವರ್ಷ ಅಂದರೆ ಆ ವಂಶ ಹುಟ್ಟಿದ್ದೂ ಆಗಲೇ ಅಂತ ಅಲ್ಲ. ಅಷ್ಟು ಹೊತ್ತಿಗೆ ಅದು ಇತ್ತು ಅಂತ ಮಾತ್ರ. ಒಂದು ಮದುವೆಯ ಫೋಟೋದಲ್ಲಿ ಹುಡುಗನೊಬ್ಬ ಕಂಡರೆ ಅವನು ಆ ದಿನಕ್ಕಿಂತ ಮೊದಲೇ ಹುಟ್ಟಿದ್ದ ಅಂತ ಹೇಳಬಹುದು, ಎಷ್ಟು ಮೊದಲು ಅಂತ ಹೇಳಲು ಆಗುವುದಿಲ್ಲ. ಆದರೆ ಇನ್ನೊಂದು ವಿಷಯ ತಾನಾಗಿಯೇ ಬರುತ್ತದೆ. ವಂಶವೃಕ್ಷದಲ್ಲಿ ಒಂದು ಕವಲು ಇತ್ತು ಅಂದರೆ ಅದರ ಜೊತೆ ಬೇರೆಯಾದ ಇನ್ನೊಂದು ಕವಲೂ ಆಗಲೇ ಇರಲೇಬೇಕು, ಅದರ ಪಳೆಯುಳಿಕೆ ಸಿಗದಿದ್ದರೂ. ಹೀಗೆ ಒಂದು ಹುಳ ತನ್ನ ಸುತ್ತಲಿನ ಹಲವು ಕೊಂಬೆಗಳ ವಯಸ್ಸನ್ನು ಹಿಂದಕ್ಕೆ ತಳ್ಳುತ್ತದೆ.

ಡಿಎನ್‌ಎ ಆಧಾರದ ಕಾಲಗಣನೆಗೂ ಇದು ಬೇಕು. ಬದುಕಿರುವ ಪ್ರಭೇದಗಳ ಡಿಎನ್‌ಎ ಹೋಲಿಸಿದರೆ ಯಾರು ಮೊದಲು, ಯಾರು ಆಮೇಲೆ ಬೇರೆಯಾದರು ಅಂತ ತಿಳಿಯುತ್ತದೆ. ಎಷ್ಟು ಕೋಟಿ ವರ್ಷದ ಹಿಂದೆ ಅನ್ನಲು ಗೋಡೆಗೆ ಹೊಡೆದ ಮೊಳೆಯಂತೆ ಕೆಲವು ಪಳೆಯುಳಿಕೆಗಳು ಬೇಕೇ ಬೇಕು. ಇಲ್ಲಿಯವರೆಗೆ ಈ ಗುಂಪಿನ ಜುರಾಸಿಕ್ ಮೊಳೆಗಳೆಲ್ಲ ಉತ್ತರದ ಗೋಡೆಯಲ್ಲಿದ್ದವು. ಈಗ ದಕ್ಷಿಣದಲ್ಲೂ ಒಂದು ಬಂತು.

ಜಾಗದ ವಿಷಯಕ್ಕೆ ಬಂದರೆ, 15.1 ಕೋಟಿ ವರ್ಷದ ಹಿಂದೆ ಆಸ್ಟ್ರೇಲಿಯಾ ಇನ್ನೂ ಅಂಟಾರ್ಕ್ಟಿಕಾಕ್ಕೆ ಅಂಟಿಕೊಂಡೇ ಇತ್ತು. ಅಂದರೆ ನೆಲ ಒಡೆಯುವ ಮೊದಲೇ ಈ ನುಸಿಗಳು ಅಲ್ಲಿದ್ದವು. ಒಡೆದ ನೆಲದ ಜೊತೆ ವಂಶವೂ ಒಡೆಯಿತು ಅನ್ನಬೇಕಾದರೆ, ನೆಲ ಒಡೆಯುವಾಗ ಆ ವಂಶ ಅಲ್ಲಿರಲೇಬೇಕು ತಾನೇ? ಬ್ರುಂಡಿನ್ ಅವರ ವಾದಕ್ಕೆ ಇಷ್ಟು ವರ್ಷ ಇಲ್ಲದಿದ್ದ ಸಾಕ್ಷಿ ಇದು.

ತುದಿಯಲ್ಲಿರುವ ಬಿಲ್ಲೆ

ಈ ಪ್ಯೂಪಾದ ಹಿಂಭಾಗದ ತುದಿಯಲ್ಲಿ ಚಪ್ಪಟೆ ಬಿಲ್ಲೆಯಂಥ ಒಂದು ರಚನೆ ಇದೆ. ಕಲ್ಲಿಗೆ ಕಚ್ಚಿಕೊಂಡು ನಿಲ್ಲಲು ಬಳಕೆಯಾಗುತ್ತಿತ್ತು ಅನ್ನುವುದು ಸಂಶೋಧಕರ ಓದು. ಇಂಥ ಬಿಲ್ಲೆ ಕಾಣುವುದು ಸಮುದ್ರದಂಚಿನ ಕೆಲವು ನುಸಿಗಳಲ್ಲಿ, ಅಲೆ ಬಡಿಯುವ ಬಂಡೆಗಳ ಮೇಲೆ ಬದುಕುವವುಗಳಲ್ಲಿ. ಹಾಗಾಗಿ ಉಬ್ಬರ ಇಳಿತಕ್ಕೆ ಹೊಂದಿಕೊಳ್ಳಲೆಂದೇ ಬಂದ ಗುಣ ಅದು ಅಂತ ನಂಬಿಕೆ ಇತ್ತು. ಟಾಲ್ಬ್ರಗಾರ್ ಸಿಹಿನೀರಿನ ಸರೋವರ. ಅಲ್ಲಿ ಉಬ್ಬರವೂ ಇಲ್ಲ, ಇಳಿತವೂ ಇಲ್ಲ.

ಇಲ್ಲಿ ಎಡವುವುದು ಸುಲಭ. ಒಂದೇ ಥರದ ಬಿಲ್ಲೆ ಇದೆ ಅಂತ ಇದನ್ನು ಕಡಲಂಚಿನ ನುಸಿಗಳ ಹತ್ತಿರದ ನೆಂಟ ಅನ್ನಬಹುದಿತ್ತು. ಆದರೆ ಮೈಯ ಉಳಿದ ಗುರುತುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಇದು ಪೊಡೊನೊಮಿನೇ ಒಳಗೇ ಕೂರುತ್ತದೆ. ಕಚ್ಚಿ ನಿಲ್ಲಬೇಕಾದ ಅಗತ್ಯ ಎರಡು ಕಡೆ ಬಂತು, ಎರಡು ಕಡೆಯೂ ಅದೇ ಥರದ ಪರಿಹಾರ ಹುಟ್ಟಿತು ಅಂತ ಇದನ್ನು ಅರ್ಥ ಮಾಡಿಕೊಳ್ಳಬಹುದು. ಒಂದೇ ಗುರುತನ್ನು ನೆಚ್ಚಿಕೊಂಡು ನೆಂಟಸ್ತಿಕೆ ಹೇಳಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಗೊಂಡ್ವಾನಾದಲ್ಲೇ ಹುಟ್ಟಿತು ಅಂತ ತೀರ್ಮಾನವಾಯಿತಾ?

ಇಲ್ಲ. ಸಂಶೋಧಕರೂ ‘ಹುಟ್ಟಿರಬಹುದು’ ಅಂತಲೇ ಹೇಳಿದ್ದಾರೆ. ಸುದ್ದಿಯಾಗುವಾಗ ಆ ‘ಬಹುದು’ ಅನ್ನುವ ಪದ ಉದುರಿಹೋಗುತ್ತದೆ.

ಉತ್ತರ ಮೂಲದ ವಾದಕ್ಕೆ ಇನ್ನೂ ಜೀವ ಇದೆ. ನಾಳೆ ಸೈಬೀರಿಯಾದಲ್ಲೋ ಚೀನಾದಲ್ಲೋ ವಂಶವೃಕ್ಷದ ಬುಡಕ್ಕೆ ಸೇರುವ ಇನ್ನೂ ಹಳೆಯ ಹುಳ ಸಿಕ್ಕರೆ ತಕ್ಕಡಿ ಆ ಕಡೆ ವಾಲಬಹುದು. ಮೂರನೆಯ ಸಾಧ್ಯತೆಯೂ ಇದೆ, ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಟ್ರಯಾಸಿಕ್ ಕಾಲದಲ್ಲಿ ಉತ್ತರ ದಕ್ಷಿಣ ಎಲ್ಲ ಸೇರಿ ಪ್ಯಾಂಜಿಯಾ ಎಂಬ ಒಂದೇ ನೆಲವಾಗಿತ್ತು, ಕಚ್ಚದ ನುಸಿಗಳು ಆಗಲೇ ಇದ್ದವು. ಪೊಡೊನೊಮಿನೇ ಕೂಡ ನಾವು ಅಂದುಕೊಂಡಿದ್ದಕ್ಕಿಂತ ಹಳೆಯದಾಗಿದ್ದು, ಆ ಒಂದೇ ನೆಲದ ಉದ್ದಕ್ಕೂ ಮೊದಲೇ ಹರಡಿಕೊಂಡಿದ್ದರೆ? ಆಗ ಉತ್ತರವೋ ದಕ್ಷಿಣವೋ ಅನ್ನುವ ಪ್ರಶ್ನೆಗೇ ಅರ್ಥ ಕಮ್ಮಿಯಾಗುತ್ತದೆ.

ಗಾಳಿಯನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ನುಸಿಗಳು ಬಲವಾಗಿ ಹಾರಲಾರವು, ಆದರೆ ಹಗುರ. ನಮ್ಮ ದೇಶದ್ದೇ ಒಂದು ಪಾಠ ಇದೆ. ಭಾರತ ಗೊಂಡ್ವಾನಾದಿಂದ ಕಳಚಿ ಉತ್ತರಕ್ಕೆ ಬರುವಾಗ ಬಹಳ ಕಾಲ ಒಂಟಿ ದ್ವೀಪವಾಗಿತ್ತು, ಹಾಗಾಗಿ ಇಲ್ಲಿನ ಕೀಟಗಳು ಬೇರೆಲ್ಲೂ ಇಲ್ಲದ ಥರದವಾಗಿರಬೇಕು ಅನ್ನುವ ನಿರೀಕ್ಷೆ ಇತ್ತು. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ 5 ಕೋಟಿ ವರ್ಷಕ್ಕೂ ಹಳೆಯ ಅಂಬರ್, ಅಂದರೆ ಕಲ್ಲಿನಂತೆ ಗಟ್ಟಿಯಾದ ಮರದ ಅಂಟು, ಸಿಕ್ಕಿತು. 2010ರಲ್ಲಿ ಅದರ ಅಧ್ಯಯನ ಪ್ರಕಟವಾದಾಗ ಒಳಗಿದ್ದ ಎಷ್ಟೋ ಕೀಟಗಳು ಯುರೋಪ್, ಏಷ್ಯಾದ ಕೀಟಗಳ ನೆಂಟರಾಗಿದ್ದವು. ಇನ್ನೊಂದು ಕಡೆ, ಪಶ್ಚಿಮಘಟ್ಟದ ನೇರಳೆ ಕಪ್ಪೆಯ ಹತ್ತಿರದ ನೆಂಟರು ಇರುವುದು ಸೇಶೆಲ್ಸ್ ದ್ವೀಪಗಳಲ್ಲಿ. ಅದು 2003ರಲ್ಲಿ ಹೊರಬಂದ ವಿಷಯ. ಒಂದೇ ನೆಲ, ಒಂದು ಗುಂಪು ಒಂದು ಕಥೆ ಹೇಳಿತು, ಇನ್ನೊಂದು ಗುಂಪು ಇನ್ನೊಂದು. ಹಾಗಾಗಿ ಒಂದು ನುಸಿಯ ಕಥೆಯನ್ನು ಎಲ್ಲ ಕೀಟಗಳಿಗೂ ಸುಮ್ನೆ ಅಂಟಿಸಲು ಆಗುವುದಿಲ್ಲ.

ಮುಂದೇನು

ಮೊದಲನೆಯದಾಗಿ, ನುಸಿಗಳ ವಂಶವೃಕ್ಷದ ಕಾಲಗಣನೆಯನ್ನು ಈ ಹೊಸ ಮೊಳೆ ಸೇರಿಸಿ ಮತ್ತೆ ಮಾಡಬೇಕಾಗುತ್ತದೆ. ಕೆಲವು ಕವಲುಗಳು ಹಿಂದಕ್ಕೆ ಸರಿಯಬಹುದು. ಈ ಕುಟುಂಬಕ್ಕೆ ಆ ಲೆಕ್ಕ ಇನ್ನೊಂದು ಕಾರಣಕ್ಕೂ ಮುಖ್ಯ. ಸರೋವರಗಳ ತಳದ ಕೆಸರಿನಲ್ಲಿ ಇವುಗಳ ಲಾರ್ವಾದ ಗಟ್ಟಿ ತಲೆಚಿಪ್ಪುಗಳು ಸಾವಿರಾರು ವರ್ಷ ಉಳಿಯುತ್ತವೆ. ಯಾವ ಪದರದಲ್ಲಿ ಯಾವ ಪ್ರಭೇದದ ಚಿಪ್ಪಿದೆ ಅಂತ ನೋಡಿ ಹಿಂದಿನ ಹವಾಮಾನ ಎಷ್ಟು ತಂಪಾಗಿತ್ತು ಅಂತ ಅಂದಾಜು ಮಾಡುತ್ತಾರೆ.

ಎರಡನೆಯದಾಗಿ, ಹುಡುಕುವ ಜಾಗ ಬದಲಾಗಬೇಕು. ಮ್ಯೂಸಿಯಂಗಳಲ್ಲಿ ಮೀನಿಗೆಂದು, ಎಲೆಗೆಂದು ತಂದಿಟ್ಟ ದಕ್ಷಿಣದ ಕಲ್ಲುಗಳ ಮೂಲೆಯಲ್ಲಿ ಇನ್ನೂ ಯಾವ ಹುಳಗಳು ಕುಳಿತಿವೆಯೋ. ಆಫ್ರಿಕಾ, ದಕ್ಷಿಣ ಅಮೆರಿಕ, ಮತ್ತು ಭಾರತ. ಗೊಂಡ್ವಾನಾ ಅನ್ನುವ ಹೆಸರೇ ಮಧ್ಯ ಭಾರತದ ಗೊಂಡರ ನಾಡಿನಿಂದ ಹೋದದ್ದು. ಅದೇ ಸೀಮೆಯಲ್ಲಿ, ಮಹಾರಾಷ್ಟ್ರ ಮತ್ತು ತೆಲಂಗಾಣದ ಗಡಿಯಲ್ಲಿ, ಪ್ರಾಣಹಿತಾ ಗೋದಾವರಿ ಕಣಿವೆಯಲ್ಲಿ ಕೋಟಾ ಎಂಬ ಊರಿನ ಹೆಸರು ಹೊತ್ತ ಜುರಾಸಿಕ್ ಕಲ್ಲುಗಳಿವೆ. ಅವು ಟಾಲ್ಬ್ರಗಾರ್‌ಗಿಂತ ಹಳೆಯವು. ಅಲ್ಲಿ ಬರಪಾಸಾರಸ್ ಡೈನೋಸಾರ್‌ನ ಮೂಳೆ ಸಿಕ್ಕಿದೆ, ಸಿಹಿನೀರಿನ ಸುಣ್ಣಕಲ್ಲಿನಲ್ಲಿ ಮೀನು ಸಿಕ್ಕಿವೆ, ಕೀಟಗಳ ಗುರುತುಗಳೂ ವರದಿಯಾಗಿವೆ. ಆ ಕಲ್ಲಿನ ಪದರಗಳನ್ನು ಮೀನಿಗಾಗಿ ನೋಡಿದ ಹಾಗೆ ಪ್ಯೂಪಾಕ್ಕಾಗಿಯೂ ಯಾರಾದರೂ ಕೂತು ನೋಡಿದರೆ, ಟಾಲ್ಬ್ರಗಾರ್ ನುಸಿಯ ‘ದಕ್ಷಿಣದ ಅತಿ ಹಳೆಯದು’ ಎಂಬ ಪಟ್ಟ ಕೈಬಿಟ್ಟು ಹೋಗಲೂಬಹುದು.